ಪಡೆಯಲ್ಲಿ ಉಳಿದವನಿಗೇ ದಂಡ

ಒಂದೇ ಗಸ್ತಿನಲ್ಲಿ ಹೊರಟ ಇಬ್ಬರು ಜವಾನರು ಒಂದೇ ನೆಲಬಾಂಬಿನ ಸ್ಫೋಟದಲ್ಲಿ ತಲಾ ಒಂದು ಕಾಲು ಕಳೆದುಕೊಂಡರು ಎಂದಿಟ್ಟುಕೊಳ್ಳಿ. ಒಬ್ಬನನ್ನು ಸೇನೆ ವೈದ್ಯಕೀಯ ಕಾರಣಕ್ಕೆ ಬಿಡುಗಡೆ ಮಾಡಿತು. ಇನ್ನೊಬ್ಬ ಕೃತಕ ಕಾಲು ಕಟ್ಟಿಕೊಂಡು, ಸ್ಟೋರ್ಸಿನಲ್ಲೋ ತರಬೇತಿ ಕೇಂದ್ರದಲ್ಲೋ ಹತ್ತಾರು ವರ್ಷ ದುಡಿದು, ಅವಧಿ ಮುಗಿಸಿ ನಿವೃತ್ತನಾದ. ಮೊದಲನೆಯವನ ಅಂಗವೈಕಲ್ಯ ಪಿಂಚಣಿಗೆ ಆದಾಯ ತೆರಿಗೆ ಇಲ್ಲ. ಎರಡನೆಯವನ ಪಿಂಚಣಿಗೆ ಉಂಟು. 2019ರ ಜೂನ್ 24ರಂದು ಕೇಂದ್ರ ನೇರ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆಯ ತಾತ್ಪರ್ಯ ಇದು. ಅಂಗವೈಕಲ್ಯದಿಂದಾಗಿ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ವಿನಾಯಿತಿ, ವಯೋಮಿತಿ ಅಥವಾ ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು.

ಈ ವಿಂಗಡಣೆ ಅನ್ಯಾಯ. ಸುತ್ತೋಲೆಯಾಗಿ ಬಂದರೂ ಅನ್ಯಾಯ, ಕಾನೂನಿನ ಕಲಮಾಗಿ ಬಂದರೂ ಅನ್ಯಾಯ. ಇದರಲ್ಲಿ ತೆರಿಗೆಯ ಲೆಕ್ಕಕ್ಕಿಂತ ದೊಡ್ಡ ದೋಷವೊಂದಿದೆ. ಗಾಯಗೊಂಡ ಮೇಲೂ ಸಮವಸ್ತ್ರ ಬಿಡದವನನ್ನು, ಬಿಟ್ಟುಹೋದವನಿಗಿಂತ ಕಡಿಮೆ ಗಾಯಗೊಂಡವನೆಂದು ನಮ್ಮ ಆಡಳಿತ ಎಣಿಸುತ್ತಿದೆ. ಕಾಲು ಹೋದದ್ದು ಇಬ್ಬರಿಗೂ ಒಂದೇ. ಉಳಿದವನು ಆ ಮೊಂಡುಗಾಲಿನ ಮೇಲೆ ದಿನವಿಡೀ ನಿಂತು ಕೆಲಸ ಮಾಡಿದ್ದಾನೆ. ಸಂಜೆ ಕೃತಕ ಕಾಲನ್ನು ಬಿಚ್ಚಿದಾಗ ಬೇಸಿಗೆಯ ಬೆವರಿಗೆ ಚರ್ಮ ಸುಲಿದು ಕೆಂಪಾಗಿರುತ್ತದೆ. ಮರುದಿನ ಬೆಳಿಗ್ಗೆ ಆ ಹುಣ್ಣಿನ ಮೇಲೆಯೇ ಮತ್ತೆ ಪಟ್ಟಿ ಬಿಗಿದುಕೊಂಡು ಹಾಜರಿಯ ಫಾಲಿನ್ನಿಗೆ ಹೋಗಿರುತ್ತಾನೆ. ಇಂಥವನ ಗಾಯ ವಾಸಿಯಾಯಿತೆಂದು ಯಾವ ಲೆಕ್ಕದಲ್ಲಿ ಹೇಳುತ್ತಾರೆ?

ಸರ್ಕಾರ ಈ ತಪ್ಪು ಮಾಡಿದ್ದು ಇದೇ ಮೊದಲಲ್ಲ. ಅಂಗವೈಕಲ್ಯದ ಪ್ರಮಾಣವನ್ನು ಮೇಲಿನ ಮೆಟ್ಟಿಲಿಗೆ ಏರಿಸಿ, ಶೇಕಡ 50ಕ್ಕಿಂತ ಕಡಿಮೆ ಇದ್ದರೆ 50 ಎಂದು, ಅದಕ್ಕೂ ಮೇಲಿದ್ದರೆ 75 ಅಥವಾ 100 ಎಂದು ಹಿಡಿದು ಪಿಂಚಣಿ ಕೊಡುವ ಸೌಲಭ್ಯವನ್ನೂ ಮೊದಲು ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ಕೊಟ್ಟಿತ್ತು. ಅವಧಿ ಮುಗಿಸಿದವರಿಗೂ ಅದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಐದು ವರ್ಷ ತುಂಬುವ ಮೊದಲೇ ಅದೇ ಭೇದ ಇನ್ನೊಂದು ಇಲಾಖೆಯ ಬಾಗಿಲಿನಿಂದ ಒಳಬಂತು. ಕೋರ್ಟಿನಲ್ಲಿ ಸೋತ ವಾದವನ್ನು ತೆರಿಗೆಯ ರೂಪದಲ್ಲಿ ಮರಳಿ ತರುವುದು ಗೌರವಸ್ಥ ಸರ್ಕಾರಕ್ಕೆ ತಕ್ಕ ನಡೆಯಲ್ಲ.

ಬೆಂಗಳೂರಿನ ಗಂಗಾನಗರದಲ್ಲಿ ಕೂತು ಇದನ್ನು ಬರೆಯುತ್ತಿರುವವರಿಗೆ ಇದು ದೂರದ ಮಾತಲ್ಲ. ಮೇಖ್ರಿ ವೃತ್ತದ ಆಚೀಚೆ ವಾಯುಪಡೆಯ ತರಬೇತಿ ಕಮಾಂಡ್ ಇದೆ. ಜಯಚಾಮರಾಜೇಂದ್ರ ನಗರದ ಕಡೆ ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಯಲಹಂಕಕ್ಕೆ ಹೋದರೆ ವಾಯುನೆಲೆ, ಆ ಕಡೆಯೇ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ. 2008ರ ನವೆಂಬರಿನಲ್ಲಿ ಮುಂಬೈಯ ತಾಜ್ ಹೋಟೆಲಿನೊಳಗೆ ಗಾಯಗೊಂಡ ಕಮಾಂಡೊ ಒಬ್ಬನನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ ಮೇಲೆ ಅವರು ಪ್ರಾಣ ಕೊಟ್ಟರು. ಸತ್ತವರ ಹೆಸರನ್ನು ರಸ್ತೆಗೆ ಇಡುವುದು ನಮಗೆ ಗೊತ್ತಿದೆ, ಅದು ಸರಿಯೂ ಹೌದು. ಅವರು ಯಾರನ್ನು ಉಳಿಸಲು ಹೋದರೋ ಅಂಥ ಗಾಯಾಳುಗಳ ಮುಂದಿನ ಮೂವತ್ತು ನಲವತ್ತು ವರ್ಷದ ಬದುಕನ್ನು ವಿಚಾರಿಸುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

ಕರ್ನಾಟಕದವರೇ ಆದ ಕ್ಯಾಪ್ಟನ್ ನವೀನ್ ನಾಗಪ್ಪ ಅವರ ಕತೆ ಇಲ್ಲಿ ಹೇಳಲೇಬೇಕು. 1999ರ ಕಾರ್ಗಿಲ್ ಯುದ್ಧದಲ್ಲಿ ಅವರು 13ನೇ ಜಮ್ಮು ಕಾಶ್ಮೀರ ರೈಫಲ್ಸಿನ ಎಳೆಯ ಅಧಿಕಾರಿ, ಪಡೆಗೆ ಸೇರಿ ವರ್ಷವೂ ತುಂಬಿರಲಿಲ್ಲ. ಜುಲೈ ಮೊದಲ ವಾರ ಪಾಯಿಂಟ್ 4875ರ ಕಾಳಗದಲ್ಲಿ ಗ್ರೆನೇಡ್ ಸಿಡಿದು ಅವರ ಕಾಲುಗಳು ಛಿದ್ರವಾದವು. ಕ್ಯಾಪ್ಟನ್ ವಿಕ್ರಮ್ ಬಾತ್ರಾ ತಮ್ಮನ್ನು ಎಳೆದು ಸುರಕ್ಷಿತ ಜಾಗಕ್ಕೆ ತಂದರೆಂದು ನವೀನ್ ಹಲವು ಸಲ ಹೇಳಿದ್ದಾರೆ. ಬಾತ್ರಾ ಅದೇ ಕಾಳಗದಲ್ಲಿ ಮಡಿದರು. ನವೀನ್ ಮುಂದೆ ಬಹುಕಾಲ ಸೇನಾ ಆಸ್ಪತ್ರೆಯಲ್ಲಿ, ಒಂದರ ಮೇಲೊಂದು ಶಸ್ತ್ರಚಿಕಿತ್ಸೆಗಳಲ್ಲಿ ಕಳೆದರು. ಸೇನಾ ಪದಕ ಬಂತು. ಜೊತೆಗೇ ವೈದ್ಯಕೀಯ ಬಿಡುಗಡೆಯೂ ಬಂತು, ಸೇನೆಯವರ ಬಾಯಲ್ಲಿ ಹೇಳುವುದಾದರೆ ಬೋರ್ಡ್ ಔಟ್.

ಆ ಮೇಲೆ ಅವರು ಮಾಡಿದ್ದನ್ನು ಗಮನಿಸಬೇಕು. ಎಂಜಿನಿಯರಿಂಗ್ ಓದಿದ್ದ ಅವರು ಕೇಂದ್ರದ ಎಂಜಿನಿಯರಿಂಗ್ ಸೇವಾ ಪರೀಕ್ಷೆ ಬರೆದು ಗೆದ್ದು ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಸೇರಿದರು, ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದರು. ಎಂಇಎಸ್ ಎಂದರೆ ಸೇನೆಯ ಬ್ಯಾರಕ್, ಆಸ್ಪತ್ರೆ, ರಸ್ತೆ, ನೀರು, ಕರೆಂಟು ನೋಡಿಕೊಳ್ಳುವ ಸಂಸ್ಥೆ. ಯಾರ ದೇಹ ಸೇನೆಗೆ ಇನ್ನು ಉಪಯೋಗವಿಲ್ಲ ಎಂದು ಬೋರ್ಡು ಬರೆಯಿತೋ ಅದೇ ಮನುಷ್ಯ ಅದೇ ಸೇನೆಯ ಕೆಲಸವನ್ನು ವರ್ಷಗಟ್ಟಲೆ ಮಾಡಿ ತೋರಿಸಿದರು. ಆದರೆ ಆ ದಾರಿಯನ್ನು ಅವರೇ ಹುಡುಕಿಕೊಳ್ಳಬೇಕಾಯಿತು, ದೇಶದ ಎಲ್ಲ ಅಭ್ಯರ್ಥಿಗಳ ಜೊತೆ ಸಾಲಿನಲ್ಲಿ ನಿಂತು ಹೊಸದಾಗಿ ಪರೀಕ್ಷೆ ಬರೆಯಬೇಕಾಯಿತು. ಎಂಜಿನಿಯರಿಂಗ್ ಪದವಿ ಇಲ್ಲದ, ಎಸ್ಸೆಸ್ಸೆಲ್ಸಿ ಮುಗಿಸಿ ಬಾಗಲಕೋಟೆಯಿಂದಲೋ ಧಾರವಾಡದಿಂದಲೋ ಭರ್ತಿಯಾದ ಸಿಪಾಯಿಗೆ ಆ ಬಾಗಿಲು ಎಲ್ಲಿದೆ?

ದೊಡ್ಡ ಉದಾಹರಣೆಗಳು ನಮ್ಮಲ್ಲಿ ಇಲ್ಲದಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ವಿಜಯ್ ಒಬೆರಾಯ್ 1965ರಲ್ಲಿ ಒಂದು ಕಾಲು ಕಳೆದುಕೊಂಡರು, ಸೇನೆಯ ಉಪ ಮುಖ್ಯಸ್ಥರ ಹುದ್ದೆಗೇರಿದರು. ಪಂಕಜ್ ಜೋಶಿ ಅವರಿಗೆ ನೆಲಬಾಂಬಿಗೆ ಎರಡೂ ಕಾಲು ಹೋಗಿದ್ದವು. ಮೂರೂ ಪಡೆಗಳ ಸಮನ್ವಯಕ್ಕಾಗಿ 2001ರಲ್ಲಿ ಹುಟ್ಟಿದ ಹೊಸ ಸಂಸ್ಥೆಗೆ ಮೊದಲ ಮುಖ್ಯಸ್ಥರಾಗಿ ಆಯ್ಕೆಯಾದದ್ದು ಅವರೇ. ಗೂರ್ಖಾ ಪಲ್ಟನ್ನಿನ ಇಯಾನ್ ಕಾರ್ಡೋಜೊ 1971ರಲ್ಲಿ ಸಿಲ್ಹೆಟ್ ಕಡೆ ನೆಲಬಾಂಬ್ ತುಳಿದಾಗ ಜಜ್ಜಿಹೋದ ಕಾಲನ್ನು ಕುಕ್ರಿಯಿಂದ ತಾವೇ ಕತ್ತರಿಸಿಕೊಂಡರು. ಕೃತಕ ಕಾಲಿನಲ್ಲಿ ಲಡಾಖಿನ ಎತ್ತರದಲ್ಲಿ ನಡೆದು ತೋರಿಸಿದ ಮೇಲೆ ಸೇನಾ ಮುಖ್ಯಸ್ಥ ಜನರಲ್ ಟಿ.ಎನ್. ರೈನಾ ಕಾರ್ಡೋಜೊ ಅವರಿಗೆ ಬೆಟಾಲಿಯನ್ ಒಪ್ಪಿಸಿದರು, ಮುಂದೆ ಬ್ರಿಗೇಡೂ ಸಿಕ್ಕಿತು. ನಮ್ಮ ಕೊಡಗಿನ ಕೆ.ಸಿ. ನಂದಾ ಕಾರ್ಯಪ್ಪ 1965ರ ಸೆಪ್ಟೆಂಬರಿನಲ್ಲಿ ತಮ್ಮ ಹಂಟರ್ ವಿಮಾನಕ್ಕೆ ಗುಂಡು ತಗುಲಿದಾಗ ಹೊರಜಿಗಿದು, ಬೆನ್ನುಮೂಳೆಗೆ ಪೆಟ್ಟು ತಿಂದು, ಪಾಕಿಸ್ತಾನದಲ್ಲಿ ಯುದ್ಧಕೈದಿಯಾಗಿದ್ದು ಬಂದರು. ವಾಯುಪಡೆ ಅವರನ್ನು ಉಳಿಸಿಕೊಂಡಿತು, ಅವರು ಏರ್ ಮಾರ್ಷಲ್ ಆದರು.

ಈ ಹೆಸರುಗಳನ್ನು ಸಮಾರಂಭಗಳಲ್ಲಿ ಕೇಳಿ ಚಪ್ಪಾಳೆ ತಟ್ಟುವವರು ಒಂದು ಸಂಗತಿ ಗಮನಿಸುವುದಿಲ್ಲ. ಇವರೆಲ್ಲ ಅಧಿಕಾರಿಗಳು. ಮುಖ್ಯಸ್ಥರ ಎದುರು ನಿಂತು ವಾದಿಸಬಲ್ಲವರು. ಸಿಪಾಯಿ, ನಾಯಕ್, ಹವಾಲ್ದಾರರ ಪಾಡು ಬೇರೆ. ಅವರ ವೈದ್ಯಕೀಯ ದರ್ಜೆಯನ್ನು ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಎಸ್ ಮನಸ್ಸಿಗೆ, ಎಚ್ ಕಿವಿಗೆ, ಎ ಕೈಕಾಲಿಗೆ, ಪಿ ದೇಹದ ಒಟ್ಟು ಶಕ್ತಿಗೆ, ಇ ಕಣ್ಣಿಗೆ. ಐದಕ್ಕೂ ಒಂದನೆಯ ದರ್ಜೆ ಬಿದ್ದರೆ ಶೇಪ್ ಒನ್, ಪೂರ್ತಿ ಆರೋಗ್ಯವಂತ. ಎ ಅಕ್ಷರದ ಮುಂದೆ ಎರಡೋ ಮೂರೋ ಬಿದ್ದು, ಪಕ್ಕದಲ್ಲಿ ಪರ್ಮನೆಂಟ್ ಎಂದು ಬರೆದರೆ ಅವನು ಕೆಳದರ್ಜೆಯವನು. ಬ್ಯಾರಕ್ಕಿನ ಮಾತಿನಲ್ಲಿ ಅವನಿಗೆ ಕ್ಯಾಟಗರಿ ಬಿತ್ತು. ಅಲ್ಲಿಂದ ಅವನ ಸೇವೆ ನಿಂತಿರುವುದು ಶೆಲ್ಟರ್ಡ್ ಅಪಾಯಿಂಟ್‌ಮೆಂಟ್ ಎಂಬ ಒಂದು ಏರ್ಪಾಡಿನ ಮೇಲೆ. ಅವನ ದೇಹಕ್ಕೆ ಒಗ್ಗುವ ಹಗುರ ಕೆಲಸ ಯೂನಿಟ್ಟಿನಲ್ಲಿ ಇದೆ ಎಂದು ಕಮಾಂಡಿಂಗ್ ಆಫೀಸರ್ ಒಪ್ಪಿದರೆ ಉಳಿದ. ಇಲ್ಲ ಎಂದು ಒಂದು ಸಾಲು ಬರೆದರೆ ಮನೆಗೆ.

ಆ ಒಂದು ಸಾಲಿಗೆ ಎಷ್ಟು ಮಂದಿ ಬಲಿಯಾದರು ಎಂಬುದಕ್ಕೆ ರಾಜ್‌ಪಾಲ್ ಸಿಂಗ್ ಪ್ರಕರಣ ಸಾಕ್ಷಿ. ಹಗುರ ಕೆಲಸ ಲಭ್ಯವಿಲ್ಲ ಎಂಬ ಕಾರಣ ಕೊಟ್ಟು, ಸೇವೆಗೆ ಅನರ್ಹರೇ ಎಂದು ತೀರ್ಮಾನಿಸಬೇಕಾದ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸದೆಯೇ ಕೆಳದರ್ಜೆಯ ಯೋಧರನ್ನು ಡಿಸ್ಚಾರ್ಜ್ ಮಾಡುವ ಪದ್ಧತಿ ನಿಯಮಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2008ರ ನವೆಂಬರಿನಲ್ಲಿ ಹೇಳಬೇಕಾಯಿತು. ಸೇನೆ ತನ್ನದೇ ನಿಯಮವನ್ನು ತನ್ನದೇ ಗಾಯಾಳುಗಳ ವಿಷಯದಲ್ಲಿ ಪಾಲಿಸುವಂತೆ ಮಾಡಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ಸಾಮಾನ್ಯ ಸರ್ಕಾರಿ ನೌಕರನಾದರೆ 1995ರ ಅಂಗವಿಕಲರ ಕಾಯ್ದೆಯ 47ನೇ ಕಲಂ, ಈಗ 2016ರ ಕಾಯ್ದೆಯ 20ನೇ ಕಲಂ ಅವನನ್ನು ಕಾಯುತ್ತದೆ. ಸೇವೆಯಲ್ಲಿರುವಾಗ ಅಂಗವಿಕಲನಾದರೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಒಗ್ಗುವ ಕೆಲಸಕ್ಕೆ ಅದೇ ವೇತನದಲ್ಲಿ ಬದಲಿಸಬೇಕು. ಸೇನೆಯ ಹೋರಾಟದ ಸಿಬ್ಬಂದಿಯನ್ನು 2002ರಲ್ಲಿ ಹಳೆಯ ಕಲಮಿನಿಂದ ಹೊರಗಿಟ್ಟರು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಅಂಥ ಸಿಬ್ಬಂದಿಯನ್ನು 2021ರ ಆಗಸ್ಟಿನಲ್ಲಿ ಹೊಸ ಕಲಮಿನಿಂದ ಹೊರಗಿಟ್ಟರು. ಕಚೇರಿಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡ ಗುಮಾಸ್ತನಿಗೆ ಇರುವ ರಕ್ಷಣೆ ಗಡಿಯಲ್ಲಿ ಕಾಲು ಕೊಟ್ಟವನಿಗೆ ಇಲ್ಲ.

ಯುದ್ಧ ಮಾಡುವ ಪಡೆಗೆ ಗಟ್ಟಿಮುಟ್ಟಾದ ದೇಹಗಳೇ ಬೇಕು ಎಂಬ ವಾದ ನಮಗೆ ಗೊತ್ತು. ಸಿಯಾಚಿನ್ನಿನ ಪೋಸ್ಟಿಗೆ ಕೃತಕ ಕಾಲಿನವನನ್ನು ಕಳಿಸಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಪಡೆಯೆಂದರೆ ಪೋಸ್ಟು ಮಾತ್ರವಲ್ಲ. ಶಸ್ತ್ರಾಗಾರ, ವರ್ಕ್‌ಶಾಪ್, ಸಿಗ್ನಲ್ ಕೇಂದ್ರ, ದಾಖಲೆ ಕಚೇರಿ, ಡ್ರೋನ್ ನಡೆಸುವ ಕೊಠಡಿ, ಹೊಸಬರಿಗೆ ನೆಲಬಾಂಬ್ ಗುರುತಿಸಲು ಕಲಿಸುವ ತರಗತಿ, ಇವೆಲ್ಲವೂ ಪಡೆಯೇ. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ನೆಲಬಾಂಬಿನ ಪಾಠವನ್ನು ನೆಲಬಾಂಬಿಗೆ ಕಾಲು ಕೊಟ್ಟವನಿಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು? ಅಸ್ಸಾಂ ರೆಜಿಮೆಂಟಿನ ಹೊಕಾಟೊ ಸೇಮಾ 2002ರಲ್ಲಿ ಕಾಶ್ಮೀರದಲ್ಲಿ ಎಡಗಾಲು ಕಳೆದುಕೊಂಡವರು. ಸೇನೆಯಲ್ಲೇ ಉಳಿದು, ಪುಣೆಯ ಸೇನಾ ಪ್ಯಾರಾ ಕ್ರೀಡಾ ಕೇಂದ್ರದಲ್ಲಿ ಗುಂಡು ಎಸೆತ ಕಲಿತು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಂಚು ತಂದರು. ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಜಾಗ ಹುಡುಕುವ ವಿದ್ಯೆ ನಮ್ಮ ಊರಿನಲ್ಲೇ ಇದೆ. ವಿಮಾನಪುರದಲ್ಲಿರುವ ವೈಮಾನಿಕ ವೈದ್ಯಕೀಯ ಸಂಸ್ಥೆಗೆ, ವಿಮಾನದಿಂದ ಹೊರಜಿಗಿದು ಬೆನ್ನುಮೂಳೆ ಮುರಿದುಕೊಂಡ ಪೈಲಟ್‌ಗಳು ತಪಾಸಣೆಗೆ ಬರುತ್ತಾರೆ. ಅಲ್ಲಿಯ ವೈದ್ಯರು ತಿಂಗಳುಗಟ್ಟಲೆ ಕಾಯುತ್ತಾರೆ, ಮತ್ತೆ ಪರೀಕ್ಷಿಸುತ್ತಾರೆ, ಇಂಥ ವಿಮಾನ ಬೇಡ, ಇಂಥದ್ದು ಆಗಬಹುದು, ಮೊದಲು ಜೊತೆ ಪೈಲಟ್ ಇರಲಿ ಎಂದು ಹಂತಹಂತವಾಗಿ ಮರಳಲು ದಾರಿ ಮಾಡಿಕೊಡುತ್ತಾರೆ. ಒಬ್ಬ ಯುದ್ಧವಿಮಾನ ಪೈಲಟ್‌ನ ತರಬೇತಿಗೆ ಕೋಟಿಗಟ್ಟಲೆ ಖರ್ಚಾಗುತ್ತದೆ, ಅದಕ್ಕೇ ಈ ಶ್ರದ್ಧೆ. ಜವಾನನ ಹದಿನೈದು ವರ್ಷದ ಅನುಭವಕ್ಕೂ ಬೆಲೆ ಉಂಟು. ಅವನಿಗೂ ಇದೇ ತಾಳ್ಮೆಯ ಪರೀಕ್ಷೆ ಸಿಗಬೇಕು.

ದುರುಪಯೋಗದ ಮಾತೂ ಬರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ತೋರಿಸಿ ನಿವೃತ್ತಿಯ ಹೊತ್ತಿಗೆ ಅಂಗವೈಕಲ್ಯ ಪಿಂಚಣಿ ಪಡೆಯುವವರಿದ್ದಾರೆ ಎಂಬ ದೂರು ಸೇನೆಯ ಒಳಗೇ ಇದೆ. ಇದ್ದರೆ ಅಂಥವರನ್ನು ಹಿಡಿಯಲಿ, ವೈದ್ಯರ ಬೋರ್ಡನ್ನು ಬಿಗಿ ಮಾಡಲಿ. ಸಕ್ಕರೆ ಕಾಯಿಲೆಯ ಸುಳ್ಳನ್ನು ತಡೆಯಲು ನೆಲಬಾಂಬಿನ ಗಾಯಕ್ಕೆ ತೆರಿಗೆ ಹಾಕುವುದು ಆಡಳಿತದ ಸೋಮಾರಿತನ. ಗುಂಡಿನ ಗಾಯ ಯಾವುದು, ಬೊಜ್ಜು ಯಾವುದು ಎಂದು ಬೇರ್ಪಡಿಸಲಾರದಷ್ಟು ಅಸಮರ್ಥವೇ ನಮ್ಮ ಸೇನಾ ವೈದ್ಯ ವ್ಯವಸ್ಥೆ? ನಾವು ನಂಬುವುದಿಲ್ಲ.

ತರಬೇತಿಯಲ್ಲೇ ಬಿದ್ದು ಕೈಕಾಲು ಕಳೆದುಕೊಂಡ ಕೆಡೆಟ್‌ಗಳ ಗತಿ ಇನ್ನೂ ಕಷ್ಟದ್ದು. ಅಧಿಕಾರಿಯಾಗುವ ಮೊದಲೇ ಗಾಯವಾದ್ದರಿಂದ ಅವರಿಗೆ ಮಾಜಿ ಯೋಧರ ಸ್ಥಾನವಿಲ್ಲ. ಸಿಗುವುದು ತಿಂಗಳಿಗೆ ಗರಿಷ್ಠ 40,000 ರೂಪಾಯಿವರೆಗಿನ ಪರಿಹಾರ. 1985ರಿಂದೀಚೆಗೆ ಸುಮಾರು 500 ಮಂದಿ ಹೀಗೆ ಹೊರಬಿದ್ದಿದ್ದಾರೆಂಬ ವರದಿ ನೋಡಿ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಚಿಕಿತ್ಸೆಯ ನಂತರ ಇವರನ್ನು ಮೇಜಿನ ಕೆಲಸಕ್ಕಾದರೂ ತೆಗೆದುಕೊಳ್ಳಬಾರದೇಕೆ ಎಂದು ಕೇಳಿತು. ಆ ಪ್ರಶ್ನೆ ರಕ್ಷಣಾ ಸಚಿವಾಲಯದ ಒಳಗೆ ನಲವತ್ತು ವರ್ಷದ ಹಿಂದೆಯೇ ಹುಟ್ಟಬೇಕಿತ್ತು.

ಆದ್ದರಿಂದ ಈ ಪತ್ರಿಕೆಯ ನಿಲುವು ಇದು. 2019ರ ಸುತ್ತೋಲೆಯ ವಿಂಗಡಣೆಯನ್ನು ಪೂರ್ತಿಯಾಗಿ ಕೈಬಿಡಬೇಕು. ಕರ್ತವ್ಯದಲ್ಲಾದ ಗಾಯಕ್ಕೆ ಸಿಗುವ ಪಿಂಚಣಿಗೆ, ಯೋಧ ಉಳಿದಿರಲಿ ಹೋಗಿರಲಿ, ತೆರಿಗೆ ಕೂಡದು. ಹಗುರ ಕೆಲಸ ಇದೆಯೇ ಇಲ್ಲವೇ ಎಂಬ ತೀರ್ಮಾನವನ್ನು ಒಂದು ಯೂನಿಟ್ಟಿನ ಅಧಿಕಾರಿಯ ಕೈಯಿಂದ ತೆಗೆದು ಕಮಾಂಡ್ ಮಟ್ಟದಲ್ಲಿ ಮಾಡಬೇಕು. ಅಂಥ ಹುದ್ದೆಗಳನ್ನು ಮೊದಲೇ ಗುರುತಿಸಿಟ್ಟಿರಬೇಕು, ಇಲ್ಲ ಎಂದರೆ ಏಕೆ ಇಲ್ಲ ಎಂದು ಯೋಧನ ಕೈಗೆ ಲಿಖಿತವಾಗಿ ಕೊಡಬೇಕು. ಕರ್ನಾಟಕದ 28 ಲೋಕಸಭಾ ಸದಸ್ಯರು ಪಕ್ಷ ಬಿಟ್ಟು ಈ ಬೇಡಿಕೆಯನ್ನು ಸದನದಲ್ಲಿ ಎತ್ತಬೇಕು.

ಎಲ್ಲಕ್ಕಿಂತ ತುರ್ತಿನದು ಅಗ್ನಿವೀರರ ವಿಷಯ. ಅವರ ಮೊದಲ ತಂಡಗಳು ತರಬೇತಿಗೆ ಸೇರಿದ್ದು 2022ರ ಕೊನೆಗೆ ಮತ್ತು 2023ರ ಆರಂಭಕ್ಕೆ. ನಾಲ್ಕು ವರ್ಷದ ಅವಧಿ ಮುಗಿಯುವಾಗ ಹೆಚ್ಚೆಂದರೆ ಶೇಕಡ 25ರಷ್ಟು ಮಂದಿ ಕಾಯಂ ಆಗುತ್ತಾರೆ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಅವರಿಗೆ ಇರುವುದು ಶೇಕಡ 100, 75, 50 ಎಂಬ ಮೆಟ್ಟಿಲಿಗೆ ತಕ್ಕಂತೆ 44, 25 ಅಥವಾ 15 ಲಕ್ಷ ರೂಪಾಯಿಯ ಒಂದೇ ಕಂತಿನ ಪರಿಹಾರ, ಜೀವನಪೂರ್ತಿ ಪಿಂಚಣಿಯಲ್ಲ. ಇಪ್ಪತ್ತೆರಡರ ಹುಡುಗನೊಬ್ಬ ಗಡಿಯಲ್ಲಿ ಗಾಯಗೊಂಡು, ವಾಸಿಯಾಗಿ, ಕಾಯಂ ಸೇವೆ ಕೋರಿದರೆ ಅವನ ಗಾಯವೇ ಅವನ ಅನರ್ಹತೆಯಾಗಬಾರದು. ಕರ್ತವ್ಯದಲ್ಲಿ ಗಾಯಗೊಂಡ ಅಗ್ನಿವೀರ ಉಳಿಯಲು ಇಚ್ಛಿಸಿದರೆ ಅವನನ್ನು ಶೇಕಡ 25ರ ಲೆಕ್ಕಕ್ಕೆ ಹೊರತಾಗಿ, ಅವನ ದೇಹಕ್ಕೆ ಒಗ್ಗುವ ಕೆಲಸದಲ್ಲಿ ಕಾಯಂ ಮಾಡಿಕೊಳ್ಳಬೇಕು ಎಂಬ ಆದೇಶವನ್ನು ರಕ್ಷಣಾ ಸಚಿವಾಲಯ ಹೊರಡಿಸಬೇಕು, ಮತ್ತು ಅದು ಮೊದಲ ತಂಡದಿಂದಲೇ ಅನ್ವಯವಾಗಬೇಕು.