ಯುದ್ಧ ಮುಗಿದರೂ ತೀರದ ಲೆಕ್ಕ

ಫಿರಂಗಿಗಳು ಮೌನವಾದ ದಿನ ಯುದ್ಧ ಮುಗಿಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ವಾಸ್ತವದಲ್ಲಿ ಅದರ ಲೆಕ್ಕಪುಸ್ತಕ ತೆರೆದುಕೊಳ್ಳುವುದು ಅಂದೇ. ಆ ಲೆಕ್ಕವನ್ನು ತೀರಿಸಬೇಕಾದವರು ಯುದ್ಧ ಹೂಡಿದವರಲ್ಲ ಎಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿಯಾಗಿದೆ.

1792ರ ಮಾರ್ಚ್‌ನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನರು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡವನ್ನು ತೆರಬೇಕಾಯಿತು. ಅರ್ಧ ತಕ್ಷಣ; ಉಳಿದರ್ಧ ನಾಲ್ಕು ತಿಂಗಳಿಗೊಂದರಂತೆ ಮೂರು ಕಂತುಗಳಲ್ಲಿ. ಒಂದು ವರ್ಷದಲ್ಲಿ ತೀರಬೇಕಿದ್ದ ಈ ಲೆಕ್ಕಕ್ಕೆ ಒತ್ತೆಯಾಳಾಗಿ ಹೋದ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಹಣ ಬಂದದ್ದಾದರೂ ಎಲ್ಲಿಂದ? ಕಂಪನಿಯ ಅಧಿಕಾರಿಯೂ ಇತಿಹಾಸಕಾರನೂ ಆದ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಖಜಾನೆಯಿಂದ 1 ಕೋಟಿ 10 ಲಕ್ಷ, ಸೈನ್ಯದ ನಜರಾಣೆಯಾಗಿ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳು ಹಾಗೂ ಪ್ರಜೆಗಳಿಂದ. ಆತ ಸುಲ್ತಾನರ ಮಿತ್ರನಲ್ಲ, ನಿಜ. ಆದರೆ ದೊಡ್ಡ ಪಾಲು ಪ್ರಜೆಯ ತಲೆಗೇ ಬೀಳುವುದು ಯಾವ ಕಾಲದ ಯಾವ ಅರಸನ ಯುದ್ಧದಲ್ಲೂ ಹೊಸತಲ್ಲ. ಕುಂದಾಪುರದ ಕರಾವಳಿಯೂ ಘಟ್ಟದ ತಪ್ಪಲಿನ ಕೆರಾಡಿಯಂಥ ಹಳ್ಳಿಗಳೂ 1799ರವರೆಗೆ ಟಿಪ್ಪುವಿನ ಆಳ್ವಿಕೆಯಲ್ಲೇ ಇದ್ದವು. ಗದ್ದೆ ಉಳುತ್ತಿದ್ದ ರೈತ ಈ ಹೊರೆಯಿಂದ ಹೊರತಾಗಿರಲು ಸಾಧ್ಯವಿತ್ತೇ? ಅದೇ ವರ್ಷ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಕಂದಾಯದ ಮೇಲಿನ ಹೆಚ್ಚುವರಿ 'ಶಾಮಿಲು' ತೆರಿಗೆಯ ಭಾರವನ್ನು ಗುರುತಿಸಿದರೂ ಅದನ್ನು ಪೂರ್ತಿ ಇಳಿಸಲಿಲ್ಲ. ಸೋತವನು ಹೇರಿದ್ದನ್ನು ಗೆದ್ದವನು ಉಳಿಸಿಕೊಂಡ.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಪುಟವನ್ನು ಓದುವುದಿಲ್ಲ. ಒಬ್ಬರಿಗೆ ಖಡ್ಗ ಸಾಕು, ಇನ್ನೊಬ್ಬರಿಗೆ ಆರೋಪ ಸಾಕು. ರೈತನ ಕಂತು ಯಾರಿಗೂ ಬೇಡ.

ಇದು ಅರಸರ ಕಾಲದ ಕಥೆ ಮಾತ್ರವಲ್ಲ. 1999ರ ಕಾರ್ಗಿಲ್ ಯುದ್ಧಕ್ಕೆಂದು ತುರ್ತಾಗಿ ಖರೀದಿಸಿದ ಸಾಮಗ್ರಿಯಲ್ಲಿ ಬಹುಪಾಲು, ಕಾಳಗ ನಿಂತ ಬಳಿಕ ಬಂದು ತಲುಪಿತೆಂದು ಮಹಾಲೇಖಪಾಲರ 2001ರ ವರದಿ ಹೇಳಿತು. ಹಿಮದಲ್ಲಿ ಪ್ರಾಣ ತೆತ್ತ ಯೋಧರಿಗೆ ಅದರಿಂದ ಆದ ಪ್ರಯೋಜನವೇನು?

ಲೆಕ್ಕ ಕೇಳುವುದು ಸೈನಿಕನಿಗೆ ಬಗೆಯುವ ದ್ರೋಹವಲ್ಲ; ಅವನಿಗೆ ಸಲ್ಲಿಸುವ ಗೌರವ. ಸಾರ್ವಜನಿಕ ಹಣವು ಅಮಾನತ್ತು. ಯುದ್ಧದ ಜಯಘೋಷಕ್ಕೆ ದನಿಗೂಡಿಸುವ ನಾವು, ಘೋಷ ಅಡಗಿದ ಮೇಲೆ ರಸೀದಿಯನ್ನೂ ಕೇಳುವ ಧೈರ್ಯ ತೋರೋಣ.