ಅಜ್ಜನ ಕಾರಿನ ಸಸ್ಪೆನ್ಸ್ ಖಾತೆ

ಉಳವಿಯಲ್ಲಿ ನಸುಕಿನ ಐದೂವರೆಗೆ ನಮ್ಮ ಕಾರು ‘ಟಕ್’ ಎಂದು ಒಂದೇ ಸಲ ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಕೀಲಿ ತಿರುವಿದೆ. ಈ ಸಲ ಆ ‘ಟಕ್’ ಕೂಡ ಇಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮೊಮ್ಮಗಳ ಮೈ ಜ್ವರದಿಂದ ಸುಡುತ್ತಿತ್ತು. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಸುತ್ತ ಜೋಯಿಡಾದ ಕಾಡು, ಮಂಜು, ಎಲ್ಲೋ ಒಂದು ಹಕ್ಕಿ.

ಚನ್ನಬಸವಣ್ಣನ ದರ್ಶನಕ್ಕೆಂದು ಹಿಂದಿನ ದಿನ ಹಳಿಯಾಳದಿಂದ ಹೊರಟು, ದಾಂಡೇಲಿ, ಗಣೇಶಗುಡಿ ದಾಟಿ, ಸಂಜೆ ನಾಲ್ಕೂವರೆಗೆ ಉಳವಿ ಮುಟ್ಟಿದ್ದೆವು. ರಾತ್ರಿ ಅಲ್ಲೇ ವಸ್ತಿ. ನಡುರಾತ್ರಿ ಹುಡುಗಿಗೆ ಜ್ವರ ಏರಿತು. ಬೆಳಗಾಗುವುದನ್ನೇ ಕಾದು, ದಾಂಡೇಲಿಯ ದವಾಖಾನೆಗೆ ಹೋಗೋಣವೆಂದು ಹೊರಬಂದರೆ ಗಾಡಿಯ ಕಥೆ ಹೀಗೆ.

ಹುಬ್ಬಳ್ಳಿ ಕಡೆಯಿಂದ ಟೆಂಪೋದಲ್ಲಿ ಬಂದಿದ್ದ ಯಾತ್ರಿಕರು ನಮ್ಮನ್ನು ಕಾಪಾಡಿದರು. ಆರು ಜನ ಗಟ್ಟಿ ಆಳುಗಳು ಹಿಂದಿನಿಂದ ನೂಕಿದರು. ನಾನು ಕೀಲಿ ತಿರುವಿಟ್ಟು, ಕ್ಲಚ್ ಒತ್ತಿ ಎರಡನೆಯ ಗೇರ್ ಹಾಕಿಕೊಂಡು, ಗಾಡಿ ಓಟ ಹಿಡಿದ ಮೇಲೆ ಕ್ಲಚ್ ಬಿಟ್ಟೆ. ಒಮ್ಮೆ ಜೋರಾಗಿ ಅಲುಗಿ ಎಂಜಿನ್ ಎದ್ದಿತು. ದಾಂಡೇಲಿ ಮುಟ್ಟುವವರೆಗೂ ಎಂಜಿನ್ ಬಂದ್ ಮಾಡಲಿಲ್ಲ. ಡಾಕ್ಟರು ನೋಡಿ, ಹವಾ ಬದಲಾದ ಜ್ವರ, ಎರಡು ದಿನದಲ್ಲಿ ಇಳಿಯುತ್ತದೆ ಅಂದರು. ಇಳಿಯಿತು ಕೂಡ. ಆದರೆ ಆ ಎರಡು ತಾಸಿನ ದಾರಿಯಲ್ಲಿ ನಮ್ಮವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕಾರಣ ಆಕೆಗೆ ಮೊದಲೇ ಗೊತ್ತಿತ್ತು: “ಆ ಹಾಡಿನ ಡಬ್ಬಿ ಕೂಡ್ರಿಸಿದ ದಿನದಿಂದ ಈ ಗಾಡಿಗೆ ಆರಾಮಿಲ್ಲ.”

ಹಾಡಿನ ಡಬ್ಬಿ ಅಂದರೆ ಸ್ಟೀರಿಯೋ. ದೀಪಾವಳಿಗೆ ಮಗ ಕಳಿಸಿದ್ದು. ಮುಟ್ಟಿದರೆ ಸಾಕು, ಹಾಡುತ್ತದೆ, ದಾರಿ ತೋರಿಸುತ್ತದೆ. ನನಗೆ ಹಾಡಿನ ಚಟ ಹಳೆಯದು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅದರ ಕಾರ್ಯಕ್ರಮ ಕೇಳುತ್ತಲೇ ನಾವೆಲ್ಲ ಬೆಳೆದವರು. ಆಗ ರೇಡಿಯೋ ಇಟ್ಟುಕೊಳ್ಳಬೇಕಾದರೆ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು ಅಂದರೆ ಇಂದಿನ ಮಕ್ಕಳು ನಗುತ್ತಾರೆ. ನಿಮ್ಮ ಮನೆಯ ಅಜ್ಜನನ್ನು ಕೇಳಿ ನೋಡಿ. ಕಾರಿನೊಳಗೆ ರೇಡಿಯೋ ಕೂಡ್ರಿಸುವ ಹುಚ್ಚು ಇನ್ನೂ ಹಳೆಯದು. ಅಮೆರಿಕದಲ್ಲಿ ಗಾಲ್ವಿನ್ ಅಣ್ಣತಮ್ಮಂದಿರು 1930ರಲ್ಲಿ ಕಾರಿನ ರೇಡಿಯೋ ಮಾರಾಟಕ್ಕೆ ತಂದು ಅದಕ್ಕೆ ಮೋಟೊರೋಲಾ ಅಂತ ಹೆಸರಿಟ್ಟರು. ಮುಂದೆ ಅದೇ ಕಂಪನಿಯ ಹೆಸರಾಯಿತು.

ನಮ್ಮ ಸ್ಟೀರಿಯೋವನ್ನು ಶಹರದ ಒಂದು ಅಂಗಡಿಯಲ್ಲಿ ಕೂಡ್ರಿಸಿದರು. ಮುಕ್ಕಾಲು ತಾಸಿನ ಕೆಲಸ. ನಾನು ಹೊರಗೆ ಬಾಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ, ನೋಡಲಿಲ್ಲ. ಹುಡುಗ ಕೊನೆಗೆ ಹೇಳಿದ್ದು: “ಅಂಕಲ್, ಕೀಲಿ ತೆಗೆದ್ರೂ ಇದು ನಡೀತೈತ್ರಿ. ಸಾಕಾದಾಗ ಈ ಬಟನ್ ಒತ್ರಿ, ಬಂದ್ ಆಗ್ತೈತಿ.” ಎಂಥ ಅನುಕೂಲ ಅಂತ ನಾನು ಖುಷಿಪಟ್ಟು ಐವತ್ತು ರೂಪಾಯಿ ಹೆಚ್ಚಿಗೇ ಕೊಟ್ಟೆ. ಹಿಂದಿನ ಎಡಗಡೆಯ ಸ್ಪೀಕರ್ ಮಾತ್ರ ಹಾಡುತ್ತಿರಲಿಲ್ಲ. ಎಕ್ಸಿಲೇಟರ್ ಒತ್ತಿದಂತೆ ಹಾಡಿನ ಹಿಂದೆ ‘ಕುಂಯ್’ ಅಂತ ಒಂದು ಸಣ್ಣ ಸ್ವರವೂ ಏರುತ್ತಿತ್ತು. “ಹಾಡಿನ ಜೊತೆ ಸೊಳ್ಳೆ ಪುಕ್ಕಟೆ” ಅಂತ ನಮ್ಮವಳು ನಗುತ್ತಿದ್ದಳು. ಉಳವಿಯ ನಂತರ ನಗುವುದನ್ನು ಬಿಟ್ಟಳು.

ಮುಂದಿನ ರವಿವಾರ ನಮ್ಮ ಓಣಿಯ ಹುಡುಗನನ್ನು ಕರೆದೆ. ನಮ್ಮ ಹಳಿಯಾಳದ ಆರ್‌ಸೆಟಿಯಲ್ಲಿ ವೈರಿಂಗ್ ಕಲಿತು ಈಗ ಗಾಡಿಗಳ ಇಲೆಕ್ಟ್ರಿಕ್ ಕೆಲಸ ಮಾಡುತ್ತಾನೆ. ಅವನು ಮೊದಲು ಹತ್ತು ನಂಬರಿನ ಪಾನಾ ಹಾಕಿ ಬ್ಯಾಟರಿಯ ಮೈನಸ್ ತುದಿ ಬಿಚ್ಚಿದ. ಬಿಚ್ಚಿದ ತುದಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರ್ ಹಿಡಿದ. “ಮೀಟರ್ ಹತ್ತು ಆಂಪಿಯರ್‌ದ ತೂತಿನ್ಯಾಗ ಹಾಕಿರಬೇಕು. ಕೀಲಿ ಯಾರೂ ಮುಟ್ಟಬ್ಯಾಡ್ರಿ, ಮೀಟರಿನ ಫ್ಯೂಸ್ ಹೋಗ್ತೈತಿ” ಅಂದ. ಕೀಲಿ ನನ್ನ ಕಿಸೆಯಲ್ಲಿ. ಸ್ಟೀರಿಯೋದ ಪರದೆ ಕಪ್ಪಾಗಿದೆ. ಆದರೂ ಮೀಟರ್ ತೋರಿಸಿದ್ದು 0.82.

ಏಳನೆಯ ಇಯತ್ತೆಯ ನಮ್ಮ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. ಜ್ವರ ಬಿಟ್ಟು ಮೂರು ದಿನವಾಗಿತ್ತು. “ಅಜ್ಜಾ, ಹಂಗಂದ್ರ ರಾತ್ರೆಲ್ಲಾ ಅದು ಕರೆಂಟ್ ತಿಂದೈತಿ” ಅಂದಳು. ಲೆಕ್ಕ ಮಾಡು ಅಂದೆ. ಸಂಜೆ ನಾಲ್ಕೂವರೆಯಿಂದ ನಸುಕಿನ ಐದೂವರೆಗೆ 13 ತಾಸು. 13ನ್ನು 0.82ರಿಂದ ಗುಣಿಸಿದರೆ 10.66. ನಮ್ಮ ಬ್ಯಾಟರಿಯ ಮೇಲೆ ಬರೆದಿದ್ದು 35 ಆಂಪಿಯರ್-ತಾಸು. ಅಂದರೆ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಒಂದೇ ರಾತ್ರಿಗೆ ಖರ್ಚು. ಅದೂ ಬ್ಯಾಟರಿ ಹೊಸದಿದ್ದರೆ ಬರುವ ಲೆಕ್ಕ. ನಾಲ್ಕು ವರ್ಷ ದುಡಿದ ಬ್ಯಾಟರಿಯಲ್ಲಿ ಬರೆದಷ್ಟು ದಾಸ್ತಾನು ಎಲ್ಲಿರುತ್ತದೆ? ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಆ ಒಂದು ಕ್ಷಣಕ್ಕೆ ನೂರು ಆಂಪಿಯರಿಗೂ ಮೇಲೆ ಕೇಳುತ್ತದೆ. ಅಷ್ಟು ಕೊಡುವ ಶಕ್ತಿ ಉಳಿದಿರಲಿಲ್ಲ.

ಮೀಟರ್ ತೆಗೆದಿಟ್ಟು, ಬ್ಯಾಟರಿಯ ತುದಿ ಬಿಚ್ಚಿಟ್ಟಂತೆಯೇ, ಸ್ಟೀರಿಯೋವನ್ನು ಹೊರಗೆಳೆದ. ಅದರ ಹಿಂದೆ ಇದ್ದದ್ದನ್ನು ಏನೆಂದು ಹೇಳಲಿ! ಶ್ಯಾವಿಗೆ ಮುದ್ದೆ. ಕಾರಿನ ಕಂಪನಿ ಕೊಟ್ಟ ಸಾಕೆಟ್ಟನ್ನೇ ಕತ್ತರಿಸಿ ಬಿಸಾಕಿದ್ದರು. ವೈರುಗಳನ್ನು ಬರೀ ಕೈಯಿಂದ ಹೊಸೆದು ಮೇಲೆ ಟೇಪ್ ಸುತ್ತಿದ್ದರು. ಆ ಟೇಪು ಡ್ಯಾಶ್‌ಬೋರ್ಡಿನ ಕಾವಿಗೆ ಅಂಟು ಬಿಟ್ಟು ಜಾರುತ್ತಿತ್ತು. ಒಂದೆರಡು ಕಡೆ ತಾಮ್ರ ಬೆತ್ತಲೆ. ನಾನು ತಕ್ಷಣ ಎಲ್ಲ ಕಿತ್ತು ಹೊಸದಾಗಿ ಜೋಡಿಸಿಬಿಡು ಅಂದೆ.

“ಕಾಕಾ, ಮೊದಲ ಏನೂ ಕೀಳಬಾರದ್ರಿ. ಈಗ ಯಾವ್ದು ಯಾವ್ದಕ್ಕ ಕೂಡೈತಿ ಅಂತ ಬರಕೊಳ್ರಿ. ಬರಿಯೋದು ನಿಮ್ಮ ಕೆಲಸಾನ ಅಲ್ಲೇನ್ರಿ.”

ಅವನ ಮಾತು ನನಗೆ ನಾಟಿತು. ಬ್ಯಾಂಕಿನಲ್ಲಿ ದಿನದ ಲೆಕ್ಕ ಕೂಡದಿದ್ದರೆ ನಾವು ಪುಸ್ತಕ ಹರಿದು ಹಾಕುತ್ತಿದ್ದೆವೇ? ಯಾರದೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಒಂದೊಂದಾಗಿ ಅದರ ವಾರಸುದಾರನನ್ನು ಹುಡುಕುತ್ತಿದ್ದೆವು. ಹಳೆಯ ರಿಜಿಸ್ಟರಿನ ಒಂದು ಪುಟ ತೆಗೆದು ಗೆರೆ ಹೊಡೆದೆ. ಎಡಕ್ಕೆ ಸ್ಟೀರಿಯೋದ ವೈರು, ಬಲಕ್ಕೆ ಕಾರಿನ ವೈರು, ಕೊನೆಗೆ ‘ಪರೀಕ್ಷಿಸಿದೆ’ ಎಂಬ ಕಾಲಮ್ಮು.

ಸ್ಟೀರಿಯೋದಿಂದ ಹೊರಟ ವೈರು ಹದಿಮೂರು. ಅವುಗಳ ಬಣ್ಣಕ್ಕೆ ಸಾಮಾನ್ಯವಾಗಿ ಎಲ್ಲ ಕಂಪನಿಗಳೂ ಒಂದು ವಾಡಿಕೆ ಇಟ್ಟುಕೊಂಡಿವೆ. ಹಳದಿ ಬ್ಯಾಟರಿಯಿಂದ ಸದಾ ಬರುವ ಸಪ್ಲೈಗೆ. ಗಡಿಯಾರ, ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಕೆಂಪು, ಕೀಲಿ ತಿರುವಿದಾಗ ಮಾತ್ರ ಬರುವ ಸಪ್ಲೈಗೆ. ಸ್ಟೀರಿಯೋಗೆ ಏಳು, ಮಲಗು ಅನ್ನುವುದು ಇದೇ. ಕಪ್ಪು ಅರ್ಥಿಂಗ್. ಕಿತ್ತಳೆ, ರಾತ್ರಿ ದೀಪ ಹಾಕಿದಾಗ ಪರದೆಯ ಬೆಳಕು ತಗ್ಗಿಸಲು. ನೀಲಿ, ಆಂಟೆನಾಕ್ಕೆ. ಉಳಿದ ಎಂಟು, ನಾಲ್ಕು ಸ್ಪೀಕರುಗಳ ಜೋಡಿಗಳು: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್.

ಆದರೆ ಕಾರಿನ ಕಡೆಯಿಂದ ಬರುವ ವೈರುಗಳಿಗೆ ಕಾರಿನ ಕಂಪನಿಯದೇ ಬೇರೆ ಬಣ್ಣ. ಈ ಹಸಿರಿಗೂ ಆ ಹಸಿರಿಗೂ ಸಂಬಂಧವಿಲ್ಲ. ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದಂತೆ. ಹೆಸರು ನೋಡಿ ಖಾತೆಗೆ ಜಮಾ ಮಾಡಿದಿರೋ, ಮುಗಿಯಿತು. ನಾನು ಒಮ್ಮೆ ಹಾಗೆ ಮಾಡಿ, ರಾತ್ರಿ ಒಂಬತ್ತರವರೆಗೆ ಬ್ಯಾಂಕಿನಲ್ಲೇ ಕುಳಿತದ್ದುಂಟು.

ಇದ್ದ ಜೋಡಣೆ ಬರೆದುಕೊಂಡ ಮೇಲೆಯೇ ಹುಡುಗ ಒಂದೊಂದು ಗಂಟು ಬಿಚ್ಚಿ, ತುದಿಗಳನ್ನು ಒಂದಕ್ಕೊಂದು ತಾಗದಂತೆ ದೂರ ದೂರ ಮಡಚಿಟ್ಟ. ಆಮೇಲೆ ಬ್ಯಾಟರಿ ಜೋಡಿಸಿ, ಮೀಟರನ್ನು ವೋಲ್ಟಿಗೆ ತಿರುವಿ, ಕಪ್ಪು ಕಡ್ಡಿಯನ್ನು ಕಾರಿನ ಬರೀ ಲೋಹಕ್ಕೆ ಹಿಡಿದು, ಕೆಂಪು ಕಡ್ಡಿಯಿಂದ ಒಂದೊಂದೇ ವೈರು ಮುಟ್ಟುತ್ತ ಹೋದ. ಕೀಲಿ ಇಲ್ಲದೆಯೂ ಹನ್ನೆರಡರ ಮೇಲೆ ತೋರಿಸಿದ್ದು ಒಂದೇ. ಅದು ಸದಾ ಸಪ್ಲೈ. ಕೀಲಿ ಅರ್ಧ ತಿರುವಿದಾಗ ಮಾತ್ರ ಜೀವ ಬಂದದ್ದು ಇನ್ನೊಂದು. ಅದನ್ನು ಅಂಗಡಿಯವರು ಮುಟ್ಟಿಯೇ ಇರಲಿಲ್ಲ! ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಹೊಸೆದು ಸದಾ ಸಪ್ಲೈಗೇ ಕಟ್ಟಿದ್ದರು. ಹಾಗಾಗಿ ಸ್ಟೀರಿಯೋಗೆ ರಾತ್ರಿಯೇ ಆಗುತ್ತಿರಲಿಲ್ಲ. ನಾನು ಬಟನ್ ಒತ್ತಿದಾಗ ಅದು ಕಣ್ಣಷ್ಟೇ ಮುಚ್ಚಿ ಒಳಗೆ ಎಚ್ಚರವಾಗಿರುತ್ತಿತ್ತು. ನಾನು ಐವತ್ತು ರೂಪಾಯಿ ಬಕ್ಷೀಸು ಕೊಟ್ಟದ್ದು ಈ ತಪ್ಪಿಗೆ.

ಇನ್ನೊಂದನ್ನು ನೋಡಿದಾಗ ಮಾತ್ರ ಹುಡುಗನ ಮುಖ ಬದಲಾಯಿತು. ಹಳದಿ ವೈರಿನ ನಡುವೆ ಇದ್ದ ಫ್ಯೂಸಿನ ಕಾಲುಗಳಿಗೆ ಒಂದು ತಾಮ್ರದ ಎಳೆ ಸುತ್ತಿದ್ದರು. ಫ್ಯೂಸ್ ಸುಟ್ಟಿದೆ, ಬೇರೆ ಕೈಗೆ ಸಿಕ್ಕಿಲ್ಲ, ಎಳೆ ಸುತ್ತಿ ಕೆಲಸ ಮುಗಿಸಿದ್ದಾರೆ. ಫ್ಯೂಸ್ ಅಂದರೆ ಹೆಚ್ಚು ಕರೆಂಟ್ ಹರಿದಾಗ ತಾನು ಕರಗಿ ದಾರಿ ಮುರಿಯುವ ತಂತಿ ಅಂತ ಮೊಮ್ಮಗಳು ಶಾಲೆಯಲ್ಲಿ ಓದಿದ್ದಾಳೆ. “ಹಂಗಾರ ಇಲ್ಲೆ ಕರಗೋದು ಯಾವ್ದು?” ಅಂತ ಕೇಳಿದಳು. ಹುಡುಗ ವೈರುಗಳ ಮುದ್ದೆ ತೋರಿಸಿದ. ಆ ಬೆತ್ತಲೆ ತಾಮ್ರ ಎಲ್ಲಾದರೂ ಕಾರಿನ ಲೋಹಕ್ಕೆ ತಾಗಿದ್ದರೆ ಕರಗುವುದು ಆ ತೆಳ್ಳನೆಯ ವೈರುಗಳ ಹೊದಿಕೆ. ಅದರ ಸುತ್ತಲೂ ಪ್ಲಾಸ್ಟಿಕ್ಕು, ಕೆಳಗೆ ನಮ್ಮ ಕಾಲು. ಆ ಗಾಡಿಯಲ್ಲಿ ನಾವು ಎರಡು ತಿಂಗಳು ತಿರುಗಾಡಿದ್ದೆವು. ನಮ್ಮವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಒಳಗೆ ಹೋಗಿಬಿಟ್ಟಳು.

ಮಕ್ಕಳೇ, ಕಾರಿನ ಚಪ್ಪಟೆ ಫ್ಯೂಸಿಗೆ ಬಣ್ಣವೇ ಗುರುತು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ನಮ್ಮ ಸ್ಟೀರಿಯೋದ ಮೇಲೆ 10 ಅಂತ ಅಚ್ಚಾಗಿತ್ತು. ಮೊಮ್ಮಗಳೇ ಸೈಕಲ್ ಹೊಡೆದು ಹೋಗಿ ಕೆಂಪು ಫ್ಯೂಸ್ ನಾಲ್ಕು ತಂದಳು, ಒಂದು ಹಾಕಲು, ಮೂರು ದಾಸ್ತಾನಿಗೆ.

ಸ್ಪೀಕರುಗಳ ಪರೀಕ್ಷೆ ಅವಳಿಗೆ ಎಲ್ಲಕ್ಕಿಂತ ಸೇರಿತು. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಜೋಡಿ ವೈರಿಗೆ ಕ್ಷಣಮಾತ್ರ ತಾಗಿಸಿದರೆ ಆ ಸ್ಪೀಕರ್ ‘ಪಟ್’ ಅನ್ನುತ್ತದೆ. ಸ್ಪೀಕರಿನ ಪ್ಲಸ್ಸಿಗೆ ಸೆಲ್ಲಿನ ಪ್ಲಸ್ ತಾಗಿದ್ದರೆ ಅದರ ಹಾಳೆ ಹೊರಗೆ ಉಬ್ಬುತ್ತದೆ, ಉಲ್ಟಾ ಆದರೆ ಒಳಗೆ ಸರಿಯುತ್ತದೆ. ವೈರು ಸ್ಟೀರಿಯೋದಿಂದ ಬಿಚ್ಚಿರಬೇಕು, ಅದೊಂದು ನೆನಪಿರಲಿ. ಇವಳು ಕಾರಿನೊಳಗೆ ಕುಳಿತು ಕಿವಿಗೊಟ್ಟು “ಮುಂದ ಬಲಕ್ಕ!”, “ಹಿಂದ ಎಡಕ್ಕ!” ಅಂತ ಕೂಗಿದಂತೆ ನಾನು ಬರೆದುಕೊಂಡೆ. ಅಂದರೆ ಹಾಡದಿದ್ದ ಸ್ಪೀಕರ್ ಕೆಟ್ಟಿರಲಿಲ್ಲ. ಅದರ ಒಂದು ತುದಿ ಹಿಂದಿನ ಎಡದ ಹಸಿರಿಗೆ, ಇನ್ನೊಂದು ತುದಿ ಮುಂದಿನ ಬಲದ ಬೂದಿಗೆ ಹೋಗಿತ್ತು.

ಇದನ್ನು ಕಂಡು ನನಗೆ ನಗು ಬಂತು. ಲೆಕ್ಕದ ಫರಕು ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲು ಬರೆದಿರಬೇಕು ಅಂತ ನಮ್ಮ ಹೆಡ್ ಕ್ಲರ್ಕ್ ಹೇಳಿಕೊಡುತ್ತಿದ್ದರು. 45ಕ್ಕೆ 54 ಬರೆದರೆ ಫರಕು 9. 270ಕ್ಕೆ 720 ಬರೆದರೆ 450, ಅದೂ ಒಂಬತ್ತರಿಂದ ಭಾಗ. ಮೊಮ್ಮಗಳು ನಂಬದೆ ನೋಟಬುಕ್ಕಿನಲ್ಲಿ ಹತ್ತು ಸಲ ಮಾಡಿ ನೋಡಿದಳು. ನೀವೂ ಮಾಡಿ ನೋಡಿ.

ಸೊಳ್ಳೆಯ ಕಥೆ ಚಿಕ್ಕದು. ಕಪ್ಪು ವೈರನ್ನು ಬಣ್ಣ ಬಳಿದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಬಣ್ಣದ ಮೇಲೆ ಅರ್ಥಿಂಗ್ ಗಟ್ಟಿ ಹಿಡಿಯುವುದಿಲ್ಲ. ಎಂಜಿನ್ ತಿರುಗಿಸುವ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಗ್ಗುತ್ತಿತ್ತು. ಅರಗಾಗದ ಹಾಳೆಯಿಂದ ಉಜ್ಜಿ ಲೋಹ ಮಿನುಗಿಸಿ ಬಿಗಿದ ಮೇಲೆ ಸೊಳ್ಳೆ ಹೋಯಿತು.

ಕತ್ತರಿಸಿ ಹೋದ ಸಾಕೆಟ್ಟಿಗೆ ಬದಲಿ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಅದಕ್ಕೆ ನಾಲ್ಕು ದಿನ. ಜೋಡಿಸುವ ಕೆಲಸವನ್ನು ಹುಡುಗನೇ ಮಾಡಿದ, ಮತ್ತೆ ಬ್ಯಾಟರಿಯ ಮೈನಸ್ ಬಿಚ್ಚಿಟ್ಟುಕೊಂಡು. ಒಂದೊಂದು ಕೂಡಿಗೂ ಬೆಸುಗೆ, ಮೇಲೆ ಬಿಸಿ ತಾಗಿದರೆ ಮುದುಡಿ ಬಿಗಿಯಾಗುವ ಕಪ್ಪು ಕೊಳವೆ, ಕೊನೆಗೆ ಎಲ್ಲವನ್ನೂ ಒಟ್ಟುಮಾಡಿ ಬಟ್ಟೆಯ ಟೇಪು. ಒಂದೊಂದು ಮುಗಿದಂತೆ ನಾನು ಪುಟದಲ್ಲಿ ಟಿಕ್ ಹಾಕಿದೆ. ಹದಿಮೂರು ಟಿಕ್.

ಮತ್ತೆ ಬ್ಯಾಟರಿಯ ಮೈನಸ್ಸಿಗೆ ಮೀಟರ್ ಹಿಡಿದೆವು. 0.82 ಇದ್ದದ್ದು ಈಗ 0.02.

ಆ ಪುಟದ ಕೆಳಗೆ ತಾರೀಖು ಬರೆದು ಸಹಿ ಮಾಡಿ ಕಾರಿನ ಮುಂದಿನ ಡಬ್ಬಿಯಲ್ಲಿಟ್ಟಿದ್ದೇನೆ. ಮೊಮ್ಮಗಳು ತನ್ನದೂ ಸಹಿ ಬೇಕೆಂದು ಹಟ ಹಿಡಿದು, ‘ಪರೀಕ್ಷಿಸಿದವರು’ ಅಂತ ಬರೆದು ಕೆಳಗೆ ಗೀಚಿದಳು. ಮೂರು ಫ್ಯೂಸುಗಳೂ ಅದರ ಜೊತೆಗಿವೆ. ಭಾರತ ಹುಣ್ಣಿವೆಗೆ ಉಳವಿಯ ಜಾತ್ರೆ. ಚಕ್ಕಡಿ ಕಟ್ಟಿಕೊಂಡು ಹೋಗುವವರನ್ನು ನೋಡಲು ಈ ಸಲವೂ ಹೋಗೋಣವೇ ಅಂತ ಮೊನ್ನೆ ನಮ್ಮವಳನ್ನು ಕೇಳಿದೆ. “ಹೋಗೋಣ” ಅಂದಳು. ಸ್ವಲ್ಪ ತಡೆದು, “ಬ್ಯಾಟರಿನೂ ಹೊಸಾದು ಹಾಕಿಸ್ರಿ” ಅಂದಳು. ಹಾಕಿಸಿದೆ.