ಟ್ಯಾಕ್ಸ್ ಸೊನ್ನೆ, ಲೆಕ್ಕವೂ ಸೊನ್ನೆ

ನಮ್ಮಪ್ಪ ಲಾರಿ ಓನರ್. ಹೀಗಂದ್ರೆ ಹಾಸ್ಟೆಲ್‌ನಲ್ಲಿ "ಓಹೋ, ಟ್ರಾನ್ಸ್‌ಪೋರ್ಟ್ ಬಿಸಿನೆಸ್ಸಾ!" ಅಂತಾರೆ. ಇರೋದು ಒಂದೇ ಆರು ಚಕ್ರದ ಲಾರಿ. ಓನರೂ ಅವರೇ, ಡ್ರೈವರೂ ಅವರೇ. ಗಂಗಾವತಿಯಲ್ಲಿ ಅಕ್ಕಿ ಹೇರಿಕೊಂಡು ಬೆಂಗಳೂರಿನ ಯಶವಂತಪುರಕ್ಕೆ ಹೋಗೋದು, ಅಲ್ಲಿ ಸಿಕ್ಕ ಲೋಡು ಹಾಕಿಕೊಂಡು ವಾಪಸ್ ಬರೋದು.

ನಾನು ಎಜುಕೇಶನ್ ಲೋನಿಗೆ ಹೋದಾಗ ಬ್ಯಾಂಕಿನವರು ಅಪ್ಪನ ಮೂರು ವರ್ಷದ ಐಟಿ ರಿಟರ್ನ್ ಕೇಳಿದ್ರು. ಒಂದೂ ಇರಲಿಲ್ಲ. "ಟ್ಯಾಕ್ಸೇ ಬೀಳಂಗಿಲ್ಲ ಅಂದಮ್ಯಾಲ ಯಾಕ ತುಂಬಬೇಕೋ ತಮ್ಮಾ?" ಅಂದ್ರು ಅಪ್ಪ.

ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆ ಅಂತಲೇ ಒಂದು ಸೆಕ್ಷನ್ ಇದೆ. 10ಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಇದನ್ನು ಆರಿಸಿಕೊಂಡರೆ ಖರ್ಚಿನ ಪುಸ್ತಕ ಇಡಬೇಕಾಗಿಲ್ಲ. 12 ಟನ್ ಮೀರಿದ ಗಾಡಿಗೆ, ಅದರ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಅಂತ ಹಿಡೀತಾರೆ. ಆರ್‌ಸಿಯಲ್ಲಿ 18.5 ಟನ್ ಇದ್ರೆ ವರ್ಷಕ್ಕೆ 2,22,000. ನಿಜವಾಗಿ ಅದಕ್ಕಿಂತ ಹೆಚ್ಚು ಉಳಿದಿದ್ರೆ ಹೆಚ್ಚೇ ತೋರಿಸಬೇಕು, ಅದು ಬೇರೆ ಮಾತು. ಬೇರೆ ಆದಾಯ ಇಲ್ಲದಿದ್ರೆ ಇಷ್ಟಕ್ಕೆ ತೆರಿಗೆ ಇಲ್ಲ.

ನನ್ನ ತಕರಾರು ಇರೋದು ಈ ಸವಲತ್ತನ್ನು ನಮ್ಮ ಮನೆಗಳು ಅರ್ಥ ಮಾಡಿಕೊಂಡ ರೀತಿ ಬಗ್ಗೆ. ಸರ್ಕಾರ ಪುಸ್ತಕ ಕೇಳಲ್ಲ ಅಂತ ನಾವೂ ಲೆಕ್ಕ ಬರೆಯೋದನ್ನೇ ಬಿಟ್ವಿ. ಬಾಡಿಗೆ ಬಂದ ದಿನ ಅದರಲ್ಲೇ ಡೀಸೆಲ್, ಅದರಲ್ಲೇ ತಂಗಿ ಫೀಸು, ಅದರಲ್ಲೇ ಹಬ್ಬದ ಬಟ್ಟೆ. ಟೈರು, ಇನ್ಶೂರೆನ್ಸ್, ಎಫ್‌ಸಿ ಬಂದಾಗ ಕೈಸಾಲ. ಲಾರಿ ದುಡೀತಿದ್ಯಾ, ಇಲ್ಲ ನಮ್ಮನ್ನೇ ತಿಂತಿದ್ಯಾ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ರಜೆಯಲ್ಲಿ ಎರಡು ತಿಂಗಳು ಟ್ರಿಪ್ಪಿಗೊಂದು ಸಾಲಿನಂತೆ ಬರೆದೆ. ಕಾರ್ನಾಟ್ ಸೈಕಲ್ಲಿನ ಎಫಿಷಿಯನ್ಸಿ ಬಿಡಿಸೋನಿಗೆ ಇದೇನು ಮಹಾ ಅಂದ್ಕೊಂಡಿದ್ದೆ. ಅಪ್ಪನ ಜೇಬಿನ ಚೀಟಿಗಳನ್ನು ಓದೋದೇ ಕಷ್ಟವಾಯ್ತು. ಲಾಭ ಸೋರ್ತಿದ್ದದ್ದು ಡೀಸೆಲ್ಲಿನಲ್ಲಲ್ಲ, ವಾಪಸ್ ಲೋಡಿಗೆ ಕಾಯುತ್ತಾ ಯಶವಂತಪುರದಲ್ಲಿ ನಿಂತ ದಿನಗಳಲ್ಲಿ. ಲಾರಿ ನಿಂತ್ರೂ ಇಎಂಐ ನಿಲ್ಲಲ್ಲ ಅಲ್ವಾ?

ಇನ್ನೊಂದು ವಿಷಯ. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಡಿಗೆಯಲ್ಲಿ ಟಿಡಿಎಸ್ ಹಿಡಿದುಕೊಂಡೇ ಕೊಡ್ತಿದ್ರು. 10 ಗಾಡಿಯೊಳಗಿನವರು ಪ್ಯಾನ್ ನಂಬರಿನ ಜೊತೆ ಒಂದು ಡಿಕ್ಲರೇಷನ್ ಬರೆದುಕೊಟ್ರೆ ಹಿಡಿಯೋ ಹಾಗಿಲ್ಲ. ಹಿಡಿದದ್ದು ವಾಪಸ್ ಬೇಕಾದ್ರೆ ರಿಟರ್ನ್ ತುಂಬಲೇಬೇಕು. ನಾವು ತುಂಬಿರಲಿಲ್ಲ. ಆ ದುಡ್ಡು ಹೋಯ್ತು.

ಗಡುವು ದಾಟಿದ ಹಳೇ ವರ್ಷಗಳ ಸೊನ್ನೆ ತೆರಿಗೆಯ ರಿಟರ್ನನ್ನು ಈಗ ತುಂಬೋಕೆ ಸುಲಭದ ದಾರಿಯೂ ಇಲ್ಲ. ದೇವರು ಬೇಡ, ರಸ್ತೆಯಲ್ಲಿ ಏನಾದ್ರೂ ಆದ್ರೆ ಪರಿಹಾರದ ಕೇಸಿನಲ್ಲಿ ದುಡಿಮೆಗೆ ಪುರಾವೆಯಾಗಿ ನೋಡೋದೂ ಈ ಕಾಗದಗಳನ್ನೇ. ಆಟೋ, ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸೋರ ಮಕ್ಕಳು ಈ ಕ್ಯಾಂಪಸ್ಸಿನಲ್ಲಿ ಕಡಿಮೆ ಇಲ್ಲ. ನಾವು ಕೋಡಿಂಗ್ ಪೋರ್ಟಲ್‌ಗಳಲ್ಲಿ ಕಳೆಯೋ ಒಂದು ಸಂಜೆಯನ್ನು ಅಪ್ಪನ ಪ್ಯಾನ್ ಹಿಡಿದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಳೆದ್ರೆ ಆಗುತ್ತೆ.

ಈ ಸಲ ಐಟಿಆರ್-4 ನಾನೇ ತುಂಬಿದೆ. ಓಟಿಪಿ ಬಂದಾಗ ಅಪ್ಪ ಹಿರಿಯೂರು ದಾಟಿದ್ರು, ಗಾಡಿ ಸೈಡಿಗೆ ಹಾಕಿ ಓದಿ ಹೇಳಿದ್ರು. ಅಕ್ನಾಲೆಡ್ಜ್‌ಮೆಂಟಿನ ಪ್ರಿಂಟು ಈಗ ಕ್ಯಾಬಿನ್ನಿನಲ್ಲಿ, ಆರ್‌ಸಿ ಇಡೋ ಪ್ಲಾಸ್ಟಿಕ್ ಕವರಿನಲ್ಲೇ ಇದೆ.